ಮೇರೆಯಲ್ಲಿ ನಿಂತ ಶಿಲುಬೆ

ಎಲ್ಲರಿಗೂ ನಮಸ್ಕಾರ. ಮಳೆ ಬರುತ್ತಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಇವತ್ತು ಒಂದೇ ಒಂದು ಕಲ್ಲಿನಿಂದ ಶುರು ಮಾಡುತ್ತೇನೆ. ಅದರ ಚಿತ್ರ ಪರದೆಯ ಮೇಲಿದೆ, ನೋಡಿ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಕೌಂಟಿ ಇದೆ. ಅದರ ನಡುವೆ ಡಾರ್ಟ್‌ಮೂರ್ ಎಂಬ ಎತ್ತರದ ಬಯಲು. ಇಂಥ ಬಯಲಿಗೆ ಇಂಗ್ಲಿಷಿನಲ್ಲಿ ಮೂರ್ ಎನ್ನುತ್ತಾರೆ. ಮರಗಳು ಕಡಿಮೆ. ಕಣ್ಣು ಹಾಯುವಷ್ಟು ದೂರ ಹುಲ್ಲು, ಜೌಗು, ಅಲ್ಲಲ್ಲಿ ಗುಡ್ಡದ ನೆತ್ತಿಯಲ್ಲಿ ಗ್ರಾನೈಟ್ ಬಂಡೆಗಳ ಗುಂಪು. ಆ ಬಂಡೆಗುಂಪನ್ನು ಅಲ್ಲಿಯವರು ಟಾರ್ ಎನ್ನುತ್ತಾರೆ. ಪ್ರಿನ್ಸ್‌ಟೌನ್ ಎಂಬ ಚಿಕ್ಕ ಊರಿನಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ನಡೆದರೆ ಈ ಕಲ್ಲು ಸಿಗುತ್ತದೆ. ಏಳು ಅಡಿಗಿಂತ ಎತ್ತರ. ದಪ್ಪ ಕಂಬ, ಗಿಡ್ಡ ತೋಳುಗಳು. ಕೆತ್ತನೆಯ ಅಲಂಕಾರ ಏನೂ ಇಲ್ಲ. ಇದರ ಹೆಸರು ಸಿವರ್ಡ್‌ನ ಶಿಲುಬೆ. ನನ್ಸ್ ಕ್ರಾಸ್ ಎಂದೂ ಕರೆಯುತ್ತಾರೆ.

ನಾನು ಮೊದಲ ಸಲ ಅಲ್ಲಿಗೆ ಹೋದ ದಿನ ದಟ್ಟ ಮಂಜು. ಹತ್ತು ಹೆಜ್ಜೆ ಮುಂದೆ ಏನಿದೆ ಎಂದು ಕಾಣುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಎದುರಿಗೆ ಒಬ್ಬರು ಕೈ ಚಾಚಿ ನಿಂತ ಹಾಗೆ ಕಾಣಿಸಿತು. ಹತ್ತಿರ ಹೋದೆ, ಕಲ್ಲು. ಆ ಬಯಲಲ್ಲಿ ಮನುಷ್ಯರು ಮಾಡಿದ್ದು ಅಂತ ಅದೊಂದೇ ಇತ್ತು. ಒದ್ದೆ ಗ್ರಾನೈಟ್ ಮೇಲೆ ಬೆರಳಾಡಿಸುತ್ತಾ ನಿಂತೆ. ಆಗ ಅಕ್ಷರಗಳು ಬೆರಳಿಗೆ ಸಿಕ್ಕವು.

ಪೂರ್ವದ ಮುಖದಲ್ಲಿ ‘ಸಿವರ್ಡ್’ ಎಂಬ ಹೆಸರು. ಪಶ್ಚಿಮದ ಮುಖದಲ್ಲಿ ಎರಡು ಸಾಲು: ‘ಬೋಕ್’, ಅದರ ಕೆಳಗೆ ‘ಲಾಂಡ್’. ಅಂದರೆ ಬಕ್‌ಲ್ಯಾಂಡ್. ಆ ಕಡೆ ಇದ್ದದ್ದು ಬಕ್‌ಲ್ಯಾಂಡ್ ಮಠದ ಜಮೀನು. ಈ ಕಡೆ ಇದ್ದದ್ದು ರಾಜಮನೆತನದ ಬೇಟೆಯ ಭೂಮಿ. ಕಲ್ಲು ತಾನು ಯಾವ ಕಡೆಗೆ ಯಾರನ್ನು ನೋಡುತ್ತಿದ್ದೇನೆ ಎಂದು ಮೈಮೇಲೇ ಬರೆಸಿಕೊಂಡಿದೆ.

ಶಿಲುಬೆ ಎಂದ ಕೂಡಲೇ ನಮಗೆ ಪ್ರಾರ್ಥನೆ ನೆನಪಾಗುತ್ತದೆ, ಸಮಾಧಿ ನೆನಪಾಗುತ್ತದೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಿಂತಿರುವ ಎಷ್ಟೋ ಮಧ್ಯಯುಗದ ಶಿಲುಬೆಗಳನ್ನು ಹಾಗಷ್ಟೇ ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಅವನ್ನು ಹಕ್ಕುಪತ್ರದ ಹಾಗೆ ಓದಬೇಕು. ಹಕ್ಕುಪತ್ರಕ್ಕೆ ಏನೆಲ್ಲ ಆಗುತ್ತದೋ ಅದೆಲ್ಲ ಈ ಕಲ್ಲುಗಳಿಗೂ ಆಗಿದೆ. ಬರೆದಿದ್ದಾರೆ, ತಿದ್ದಿದ್ದಾರೆ, ಕೋರ್ಟಿಗೆ ಎಳೆದಿದ್ದಾರೆ, ಸುಳ್ಳು ಸುಳ್ಳೇ ಸೃಷ್ಟಿಸಿದ್ದಾರೆ. ಇವತ್ತಿನ ನನ್ನ ಮಾತು ಇದರ ಸುತ್ತಲೇ.

ಮೊದಲು ಆ ಬೇಟೆಯ ಭೂಮಿಯ ವಿಷಯ. ಇಂಗ್ಲಿಷಿನ ‘ಫಾರೆಸ್ಟ್’ ಪದಕ್ಕೆ ನಾವು ಕಾಡು ಎನ್ನುತ್ತೇವೆ. ಮಧ್ಯಯುಗದಲ್ಲಿ ಅದರ ಅರ್ಥ ಬೇರೆ ಇತ್ತು. ರಾಜನ ಬೇಟೆಗೆ ಮೀಸಲಾದ, ಬೇರೆಯೇ ಕಾನೂನು ನಡೆಯುವ ಪ್ರದೇಶ ಅಂತ. ಅಲ್ಲಿ ಮರ ಇರಲೇಬೇಕು ಎಂದೇನಿಲ್ಲ. ಆದರೆ ಜಿಂಕೆ ಹೊಡೆದರೆ ಶಿಕ್ಷೆ. ಅನುಮತಿ ಇಲ್ಲದೆ ನೆಲ ಉತ್ತರೆ ದಂಡ. ಒಂದು ಕಾಲದಲ್ಲಿ ಡೆವನ್ ಪೂರ್ತಿ ಈ ಕಾನೂನಿನ ಕೆಳಗಿತ್ತು. 1204ರಲ್ಲಿ ಅಲ್ಲಿನ ಜನ ಜಾನ್ ರಾಜನಿಗೆ 5,000 ಮಾರ್ಕ್ ಕೊಟ್ಟು ಅದರಿಂದ ಬಿಡಿಸಿಕೊಂಡರು. ಒಂದು ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಆ ಕಾಲಕ್ಕೆ ಅದು ದೊಡ್ಡ ದುಡ್ಡು. ಆದರೆ ಬಿಡುಗಡೆಯಲ್ಲಿ ಎರಡು ಜಾಗ ಸೇರಿರಲಿಲ್ಲ: ಡಾರ್ಟ್‌ಮೂರ್ ಮತ್ತು ಎಕ್ಸ್‌ಮೂರ್.

ಈಗ ಯೋಚಿಸಿ. ಗೆರೆಯ ಹೊರಗೆ ಒಂದು ಕಾನೂನು, ಒಳಗೆ ಇನ್ನೊಂದು. ಆ ಗೆರೆ ಎಲ್ಲಿದೆ? ಬೇಲಿ ಇಲ್ಲ, ನಕ್ಷೆ ಇಲ್ಲ. ದನಗಳಿಗಂತೂ ಗೆರೆ ಗೊತ್ತಾಗುವುದಿಲ್ಲ. 1239ರಲ್ಲಿ ಮೂರನೇ ಹೆನ್ರಿ ರಾಜ ಡಾರ್ಟ್‌ಮೂರ್ ಅನ್ನು ತನ್ನ ತಮ್ಮ, ಕಾರ್ನ್‌ವಾಲ್‌ನ ಅರ್ಲ್ ರಿಚರ್ಡ್‌ಗೆ ಕೊಟ್ಟ. ಮುಂದಿನ ವರ್ಷವೇ ಎಲ್ಲೆ ಗೊತ್ತು ಮಾಡಲು ಆಜ್ಞೆ ಹೋಯಿತು. 12 ಜನ ನೈಟ್‌ಗಳು, ಅಂದರೆ ಆ ಪದವಿ ಪಡೆದ ಯೋಧರು, ಆ ಬಯಲಿನ ಸುತ್ತ ಸುತ್ತಿ ಬಂದರು. ಎಲ್ಲಿಂದ ಎಲ್ಲಿಗೆ ಹೋದೆವು ಎಂದು ಬರೆಸಿದರು. ಆ ಬರಹ ಇವತ್ತಿಗೂ ಉಳಿದಿದೆ.

ಉತ್ತರದಲ್ಲಿ ಕಾಸ್ಡನ್ ಗುಡ್ಡದಿಂದ ಶುರು. ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಸುತ್ತು. ಗುಡ್ಡದ ನೆತ್ತಿ, ಹೊಳೆ ಹುಟ್ಟುವ ಜಾಗ, ಎರಡು ಹೊಳೆ ಸೇರುವ ಜಾಗ. ‘ರಾಜನ ಒಲೆ’ ಎಂಬ ಒಂದು ಗುರುತೂ ಬರುತ್ತದೆ. ಆ ಬಯಲಲ್ಲಿ ತವರದ ಅದಿರು ತೆಗೆಯುವವರು ಬಹಳ ಇದ್ದರು, ಅದಿರು ಕರಗಿಸುವ ಒಲೆ ಅದಾಗಿರಬೇಕು. ಹೀಗೆ ಬಂದು ಬಂದು ದಕ್ಷಿಣದಲ್ಲಿ ಈಲ್ಸ್‌ಬ್ಯಾರೋ ಗುಡ್ಡ. ಅದು ದಾಟಿದ ಮೇಲೆ ‘ಸಿವರ್ಡ್‌ನ ಶಿಲುಬೆಗೆ’ ಎಂದು ಬರೆದಿದೆ. ಮುಂದೆ ಹೆಸರಿ ಟಾರ್‌ಗಳು, ಆಮೇಲೆ ಮಿಸ್ ಟಾರ್‌ನ ಬಂಡೆಯಲ್ಲಿರುವ ದೊಡ್ಡ ಬೋಗುಣಿಯಂಥ ಗುಳಿ.

ಆ ಪಟ್ಟಿಯಲ್ಲಿ ಬಹುಪಾಲು ಗುರುತುಗಳನ್ನು ಪ್ರಕೃತಿಯೇ ಕೊಟ್ಟಿದ್ದು. ಶಿಲುಬೆ ಮನುಷ್ಯ ಕೊಟ್ಟಿದ್ದು. 1240ರಲ್ಲಿ ಅವರು ಅದನ್ನು ನೆಡಲಿಲ್ಲ, ಆಗಲೇ ಹೆಸರು ಪಡೆದು ನಿಂತಿದ್ದ ಕಲ್ಲನ್ನು ಬಳಸಿಕೊಂಡರು. ಇದನ್ನು ಗಮನಿಸಬೇಕು. ಯಾಕೆಂದರೆ ಬಕ್‌ಲ್ಯಾಂಡ್ ಮಠ ಸ್ಥಾಪನೆಯಾಗಿದ್ದು 1278ರಲ್ಲಿ. ಡೆವನ್ನಿನ ಕೌಂಟೆಸ್ ಅಮೀಸಿಯಾ ಸಿಸ್ಟರ್ಸಿಯನ್ ಎಂಬ ಪಂಗಡದ ಸನ್ಯಾಸಿಗಳಿಗೆ ಜಮೀನು ಕೊಟ್ಟು ಅದನ್ನು ಕಟ್ಟಿಸಿದಳು. ಹಾಗಾದರೆ ಕಲ್ಲು ಮಠಕ್ಕಿಂತ ಹಳೆಯದು. ‘ಬೋಕ್ ಲಾಂಡ್’ ಎಂಬ ಅಕ್ಷರ ಮಠ ಬಂದ ಮೇಲೆ ಕೊರೆದದ್ದು ಎಂದು ನನಗೆ ಅನ್ನಿಸುತ್ತದೆ. ಹೊಸ ಮಾಲೀಕರು ಬಂದರು, ಹಳೆಯ ದಾಖಲೆಯಲ್ಲಿ ತಮ್ಮ ಹೆಸರು ಸೇರಿಸಿಕೊಂಡರು. ಖಾತೆ ಬದಲಾವಣೆ ಅಲ್ವಾ ಇದು?

ಇಲ್ಲಿ ಇನ್ನೊಂದು ಸೊಗಸಿದೆ. ಬಕ್‌ಲ್ಯಾಂಡ್ ಎಂಬ ಊರಹೆಸರು ಹುಟ್ಟಿದ್ದು ‘ಬೋಕ್‌ಲಾಂಡ್’ ಎಂಬ ಹಳೆಯ ಇಂಗ್ಲಿಷ್ ಪದದಿಂದ. ‘ಬೋಕ್’ ಅಂದರೆ ಪುಸ್ತಕ, ಬರಹ, ಸನ್ನದು. ಬಾಯಿಮಾತಿನ ವಾಡಿಕೆಯಿಂದ ಬಂದ ನೆಲ ಒಂದು ಬಗೆ, ಸನ್ನದು ಬರೆಸಿಕೊಂಡು ಪಡೆದ ನೆಲ ಇನ್ನೊಂದು ಬಗೆ. ಎರಡನೆಯದು ಬೋಕ್‌ಲಾಂಡ್. ಬರಹದ ಮೂಲಕ ಸಿಕ್ಕ ಭೂಮಿಯ ಹೆಸರು ಕಲ್ಲಿನ ಮೇಲೆ ಬರಹವಾಗಿ ನಿಂತಿದೆ. ಇದು ಗೊತ್ತಾದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಸನ್ನದು ಎಂದೆನಲ್ಲ. ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆಯುತ್ತಾರೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಅಂತ. ಆಂಗ್ಲೋ-ಸ್ಯಾಕ್ಸನ್, ಅಂದರೆ 1066ಕ್ಕೂ ಮುಂಚಿನ ಇಂಗ್ಲೆಂಡಿನ ಸನ್ನದುಗಳಲ್ಲೂ ಎಲ್ಲೆಯ ಭಾಗ ಬೇರೆಯಾಗಿರುತ್ತದೆ. ಸನ್ನದಿನ ಉಳಿದ ಭಾಗವೆಲ್ಲ ಲ್ಯಾಟಿನ್, ಅದು ದೇವರಿಗೂ ರಾಜನಿಗೂ. ಎಲ್ಲೆಯ ಭಾಗ ಮಾತ್ರ ಬಹಳ ಸಲ ಇಂಗ್ಲಿಷಿನಲ್ಲಿ. ಯಾಕೆ? ಆ ಎಲ್ಲೆಯ ಮೇಲೆ ಕಾಲಿಡಬೇಕಾದವರು ಊರಿನವರು. ಅವರಿಗೆ ಅರ್ಥವಾಗಬೇಕು. ಮುಳ್ಳಿನ ಮರ, ಹಳೆಯ ಗೋರಿ, ಹೊಳೆಯ ದಾಟು, ಕಲ್ಲು, ಶಿಲುಬೆ ಎಂದು ಒಂದೊಂದೇ ಹೇಳಿಕೊಂಡು ಹೋಗಿ, ಕೊನೆಗೆ ಹೊರಟ ಜಾಗಕ್ಕೇ ಬಂದು ಮುಗಿಯುತ್ತದೆ. ಅದನ್ನು ಕುಳಿತು ಓದುವುದಕ್ಕಿಂತ ಜಾಸ್ತಿ, ನಡೆಯುತ್ತಾ ಓದುವ ಬರಹ ಎನ್ನಬೇಕು.

ಆ ಸನ್ನದುಗಳಲ್ಲಿ ಎಲ್ಲೆಗೆ ಇರುವ ಹಳೆಯ ಪದ ‘ಮೇರೆ’ ಎಂಬ ಹಾಗೆಯೇ ಕೇಳಿಸುತ್ತದೆ. ನಮ್ಮ ಮೇರೆಗೂ ಅದಕ್ಕೂ ನಂಟಿಲ್ಲ, ಸುಮ್ನೆ ಒಂದು ಕಾಕತಾಳೀಯ. ಆದರೂ ಕನ್ನಡದವಳಾಗಿ ನನಗೆ ಅದು ಬಹಳ ಹಿಡಿಸಿತು. 19ನೇ ಶತಮಾನದಲ್ಲಿ ಸರ್ವೆಯವರು ಊರೂರಿನ ಎಲ್ಲೆ ಗುರುತಿಸಲು ಬಂದಾಗ, ಪ್ರತಿ ಪ್ಯಾರಿಷ್‌ನಿಂದ ಎಲ್ಲೆ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತಿದ್ದರು. ಅವರನ್ನು ಕರೆಯುತ್ತಿದ್ದದ್ದೂ ಅದೇ ಪದದಿಂದ: ಮೇರೆಯ ಮನುಷ್ಯ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ಸರಹದ್ದು ಎಂದುಕೊಳ್ಳಿ.

ಈಗ ಇಂಗ್ಲೆಂಡಿನ ಇನ್ನೊಂದು ಕಡೆಗೆ ಬನ್ನಿ. ಪೂರ್ವದ ಲಿಂಕನ್‌ಶೈರ್. ಅಲ್ಲಿ ಫೆನ್ಸ್ ಎಂಬ ಜೌಗು ಪ್ರದೇಶ. ಡಾರ್ಟ್‌ಮೂರ್‌ಗೆ ಪೂರ್ತಿ ಉಲ್ಟಾ. ಗುಡ್ಡವಿಲ್ಲ, ಬಂಡೆಯಿಲ್ಲ. ಅಂಗೈಯಂತೆ ಸಪಾಟು. ಇವತ್ತು ನೀರು ಬಸಿದು ಹೊಲ ಮಾಡಿದ್ದಾರೆ. ಆಗ ಅರ್ಧ ವರ್ಷ ನೀರು, ಅರ್ಧ ವರ್ಷ ಹುಲ್ಲು. ಹೊಳೆಗಳೂ ದಾರಿ ಬದಲಿಸುತ್ತಿದ್ದವು. ಇಂಥ ನೆಲದಲ್ಲಿ ಎಲ್ಲೆ ಹೇಳಲು ಏನಿದೆ? ಅದಕ್ಕೇ ಎಲ್ಲಿಂದಲೋ ಕಲ್ಲು ತಂದು ನೆಟ್ಟರು.

ಅಲ್ಲಿ ಕ್ರೌಲ್ಯಾಂಡ್ ಎಂಬ ಊರು. 714ರಲ್ಲಿ ತೀರಿಕೊಂಡ ಗುಥ್ಲಾಕ್ ಎಂಬ ಸಂತ ಒಂಟಿಯಾಗಿ ತಪಸ್ಸು ಮಾಡಿದ ಜಾಗ. ಅವನ ಹೆಸರಿನಲ್ಲಿ ದೊಡ್ಡ ಮಠ ಬೆಳೆಯಿತು. ಕ್ರೌಲ್ಯಾಂಡಿನಿಂದ ಸ್ಪಾಲ್ಡಿಂಗ್‌ಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಮೊಂಡು ಕಂಬ ಉಳಿದಿದೆ. ಮೇಲಿನ ಶಿಲುಬೆ ಹೋಗಿಬಿಟ್ಟಿದೆ. ಅದರ ಮೇಲೆ ಲ್ಯಾಟಿನ್ನಿನ ಒಂದೇ ಒಂದು ಸಾಲು. ಅದರ ಅರ್ಥ: ‘ನಾನು ಹೇಳುತ್ತೇನೆ, ಈ ಕಲ್ಲನ್ನು ಗುಥ್ಲಾಕ್ ತನ್ನ ಎಲ್ಲೆಯಾಗಿ ಇಟ್ಟುಕೊಂಡಿದ್ದಾನೆ.’ ಮೂಲದಲ್ಲಿ ಕಲ್ಲಿಗೆ ‘ಪೆತ್ರಮ್’, ಎಲ್ಲೆಗೆ ‘ಮೇತಮ್’. ಪ್ರಾಸ ಕೂಡಿದ ಪದ್ಯದ ಸಾಲು ಅದು. ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಓದು ಬಾರದವರಿಗೂ ಯಾರಾದರೂ ಓದಿ ಹೇಳಿದರೆ ಬಾಯಲ್ಲಿ ನಿಲ್ಲುತ್ತದೆ.

ಆ ಸಾಲಿನ ಕ್ರಿಯಾಪದ ವರ್ತಮಾನ ಕಾಲದ್ದು. ಸಂತ ಸತ್ತು ಶತಮಾನಗಳೇ ಆಗಿವೆ. ಆದರೂ ಇಟ್ಟುಕೊಂಡಿದ್ದ ಎನ್ನುವುದಿಲ್ಲ, ಇಟ್ಟುಕೊಂಡಿದ್ದಾನೆ ಎನ್ನುತ್ತದೆ. ಮಾಲೀಕ ಮಠಾಧಿಪತಿಯಲ್ಲ, ಸಂತ. ಮಠಾಧಿಪತಿ ಬರುತ್ತಾನೆ, ಹೋಗುತ್ತಾನೆ. ಗಡಿ ಒತ್ತುವರಿ ಮಾಡಿದವನು ಸಂತನ ಮೈಮೇಲೆ ಕೈ ಹಾಕಿದ ಹಾಗೆ. ಶಿಲುಬೆಯನ್ನೇ ಯಾಕೆ ಗಡಿಕಲ್ಲು ಮಾಡಿದರು ಎಂದು ಬಹಳ ಜನ ಕೇಳುತ್ತಾರೆ. ನನಗೆ ಸಿಕ್ಕ ಅತಿ ಸ್ಪಷ್ಟ ಉತ್ತರ ಈ ಸಾಲಿನಲ್ಲಿದೆ. ಬರೀ ಕಲ್ಲನ್ನು ರಾತ್ರೋರಾತ್ರಿ ಕಿತ್ತು ನಾಲ್ಕು ಮಾರು ಆಚೆ ನೆಡಬಹುದು. ಶಿಲುಬೆಯನ್ನು ಕೀಳಲು ಕೈ ನಡುಗುತ್ತದೆ.

ನಡುಗದ ಕೈಗಳೂ ಇದ್ದವು. ಕ್ರೌಲ್ಯಾಂಡ್ ಮಠದವರು ಪ್ರತಿ ವರ್ಷ ಹುಲ್ಲು ಬೆಳೆಯುವ ಸಮಯಕ್ಕೆ ತಮ್ಮ ಜೌಗಿಗೆ ದನ ಬಿಡಬಾರದು ಎಂದು ಸಾರುತ್ತಿದ್ದರು. ಪಕ್ಕದ ಹಾಲೆಂಡ್ ಸೀಮೆಯವರಿಗೆ ಇದು ಸರಿಬರಲಿಲ್ಲ. ಇದು ಲಿಂಕನ್‌ಶೈರಿನ ಹಾಲೆಂಡ್, ಡಚ್ಚರ ಹಾಲೆಂಡ್ ಅಲ್ಲ. 1189ರಲ್ಲಿ ಎರಡನೇ ಹೆನ್ರಿ ರಾಜ ತೀರಿಕೊಂಡ ಎಂಬ ಸುದ್ದಿ ಹಬ್ಬಿತು. ರಾಜನಿಲ್ಲ ಅಂದರೆ ಕೇಳುವವರಿಲ್ಲ. ಜನ ಗುಂಪು ಕಟ್ಟಿಕೊಂಡು ಜೌಗಿಗೆ ನುಗ್ಗಿದರು. ದನ ಬಿಟ್ಟರು, ಒಲೆಗೆ ಉರಿಸುವ ಪೀಟ್ ಮಣ್ಣು ಕಡಿದರು, ನೆಲವನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. ಹಿಂದೆ ಸ್ಪಾಲ್ಡಿಂಗ್‌ನ ಇನ್ನೊಂದು ಮಠದ ಬೆಂಬಲವೂ ಇತ್ತು. ವ್ಯಾಜ್ಯ ಹತ್ತು ವರ್ಷಕ್ಕೂ ಜಾಸ್ತಿ ಎಳೆಯಿತು. ಹುಲ್ಲುಗಾವಲಿನ ಜಗಳ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಹುಲ್ಲೇ ಅವರ ಹಾಲು, ಉಣ್ಣೆ, ಉಳುಮೆಯ ಎತ್ತು ಎಲ್ಲ. ಜನರ ಸಿಟ್ಟಿಗೂ ಕಾರಣವಿತ್ತು. ಕಲ್ಲು ಮಠದ ಪರವಾಗಿ ಮಾತಾಡುತ್ತದೆ. ದನ ಕಾಯುವವರ ಪರವಾಗಿ ನೆಟ್ಟ ಕಲ್ಲು ಯಾವುದೂ ಅಲ್ಲಿ ಇಲ್ಲ.

ಇದೇ ಕ್ರೌಲ್ಯಾಂಡಿನಲ್ಲಿ ಮಠದ ಹಳೆಯ ಚರಿತ್ರೆ ಎಂದು ಒಂದು ಬರಹ ಬಹಳ ಕಾಲ ನಂಬಿಕೆ ಗಳಿಸಿತ್ತು. ಇಂಗಲ್ಫ್ ಎಂಬ 11ನೇ ಶತಮಾನದ ಮಠಾಧಿಪತಿ ಬರೆದದ್ದು ಎಂದು ಹೇಳಿಕೊಂಡಿತ್ತು. ಆಮೇಲೆ ವಿದ್ವಾಂಸರು ಅದು ಎಷ್ಟೋ ನಂತರ ಸೃಷ್ಟಿಸಿದ್ದು ಎಂದು ತೋರಿಸಿದರು. ಅದರೊಳಗಿನ ಹಳೆಯ ಸನ್ನದುಗಳೂ ನಕಲಿ. ಜಮೀನಿನ ಹಕ್ಕು ಗಟ್ಟಿ ಮಾಡಿಕೊಳ್ಳಲು ಮಾಡಿದ ಕೆಲಸ.

ಕಾಗದದಲ್ಲಿ ನಕಲಿ ಇದ್ದರೆ ಕಲ್ಲಿನಲ್ಲೂ ಇರಬೇಕಲ್ಲ? ಇತ್ತು. ಒಂದನೇ ಎಡ್ವರ್ಡ್ ರಾಜನ ಕಾಲದಲ್ಲಿ, 1285ರಲ್ಲಿ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಂದು ದೊಡ್ಡ ಶಾಸನ ಮಾಡಿದರು. ಅದರ 33ನೇ ಕಲಮಿನಲ್ಲಿ ವಿಷಯ ಹೀಗಿದೆ. ಟೆಂಪ್ಲರ್ ಮತ್ತು ಹಾಸ್ಪಿಟಲರ್ ಎಂಬ ಧರ್ಮಯೋಧರ ಪಂಗಡಗಳಿಗೆ ವಿಶೇಷ ವಿನಾಯಿತಿಗಳಿದ್ದವು. ಅವರ ಭೂಮಿಗೆ ಶಿಲುಬೆಯೇ ಗುರುತು. ಅದನ್ನು ನೋಡಿ ಬೇರೆ ರೈತರೂ ತಮ್ಮ ನೆಲದಲ್ಲಿ ಶಿಲುಬೆ ನೆಡಲು ಶುರು ಮಾಡಿದರು. ಧಣಿ ಬಂದರೆ, ಇದು ಟೆಂಪ್ಲರ್ ವಿನಾಯಿತಿಯ ಜಮೀನು ಎನ್ನುವುದು. ಹಾಗೆ ಮಾಡಿದವರ ಜಮೀನು ಮುಟ್ಟುಗೋಲು ಎಂದು ಶಾಸನ ಹೇಳಿತು. ನಾನು ಈ ಕಲಮನ್ನು ಬಹಳ ಮುಖ್ಯ ಎಂದುಕೊಂಡಿದ್ದೇನೆ. ರಾಜ್ಯವೇ ಕಾನೂನು ಮಾಡಿ ತಡೆಯಬೇಕಾಯಿತು ಅಂದರೆ, ಹೊಲದಲ್ಲಿ ನಿಂತ ಒಂದು ಶಿಲುಬೆಗೆ ಎಷ್ಟು ತೂಕವಿತ್ತು ನೋಡಿ.

ತೂಕದ ಮಾತು ಬಂತು. ಯಾರ್ಕ್‌ಶೈರಿನ ರಿಪನ್ ಎಂಬ ಊರಲ್ಲಿ ದೊಡ್ಡ ಚರ್ಚಿನ ಸುತ್ತ ಎಂಟು ಶಿಲುಬೆಗಳಿದ್ದವು. ಕೊಲೆ ಮಾಡಿದವನೋ ಸಾಲಗಾರನೋ ಓಡಿ ಬಂದು ಆ ಶಿಲುಬೆ ದಾಟಿದರೆ ಚರ್ಚಿನ ಆಶ್ರಯಕ್ಕೆ ಬಂದಂತೆ. ಬೆನ್ನಟ್ಟಿದವರು ಹೊರಗೇ ನಿಲ್ಲಬೇಕು. ಎಂಟರಲ್ಲಿ ಈಗ ಉಳಿದಿರುವುದು ಶಾರೋ ಎಂಬಲ್ಲಿ ಒಂದು ಮೋಟು ಮಾತ್ರ. ರಸ್ತೆ ಬದಿಯಲ್ಲಿದೆ. ಗೊತ್ತಿಲ್ಲದವರು ಅದನ್ನು ಗಮನಿಸುವುದೇ ಇಲ್ಲ. ಯಾರದೋ ಪ್ರಾಣ ಆ ಒಂದು ಹೆಜ್ಜೆಯಲ್ಲಿತ್ತು.

ಕಲ್ಲು ಇದ್ದರೆ ಸಾಲದು, ಅದು ಯಾವ ಕಲ್ಲು ಎಂದು ಊರಿಗೆ ನೆನಪಿರಬೇಕು. ಅದಕ್ಕೊಂದು ಪದ್ಧತಿ ಇತ್ತು. ಈಸ್ಟರ್ ಕಳೆದು 40ನೇ ದಿನಕ್ಕೆ ಅಸೆನ್ಷನ್ ಹಬ್ಬ. ಅದರ ಹಿಂದಿನ ಮೂರು ದಿನ ಪಾದ್ರಿ, ಊರಿನ ಹಿರಿಯರು, ಹುಡುಗರು ಸೇರಿ ಪ್ಯಾರಿಷ್‌ನ ಎಲ್ಲೆ ಸುತ್ತುತ್ತಿದ್ದರು. ಬೆಳೆ ಚೆನ್ನಾಗಿ ಬರಲಿ ಎಂದು ಪ್ರಾರ್ಥನೆ. ಶಿಲುಬೆ ಬಂದಲ್ಲಿ ನಿಂತು ಬೈಬಲ್ ಪಾಠ. ಜೊತೆಗೆ ಹುಡುಗರನ್ನು ಎತ್ತಿ ಗಡಿಕಲ್ಲಿಗೆ ಕುಕ್ಕುತ್ತಿದ್ದರು. ಕೆಲವು ಕಡೆ ಕೋಲಿನಿಂದ ಏಟು. ನೋವು ನೆನಪಿರುತ್ತದೆ, ನೋವಿನ ಜೊತೆ ಜಾಗವೂ ನೆನಪಿರುತ್ತದೆ. ಐವತ್ತು ವರ್ಷವಾದ ಮೇಲೆ ವ್ಯಾಜ್ಯ ಬಂದರೆ ಆ ಹುಡುಗನೇ ಮುದುಕನಾಗಿ ಸಾಕ್ಷಿ ಹೇಳುತ್ತಾನೆ. ಹುಡುಗರನ್ನು ನೋಯಿಸಿದ್ದು ನನಗೆ ಇಷ್ಟವಾಗುವುದಿಲ್ಲ. ಆದರೆ ಎಳೆಯರನ್ನೇ ಯಾಕೆ ಕರೆದೊಯ್ದರು ಎಂಬುದು ಅರ್ಥವಾಗುತ್ತದೆ. ಆ ನೆನಪು ಎಲ್ಲರಿಗಿಂತ ಹೆಚ್ಚು ಕಾಲ ಬದುಕಬೇಕಿತ್ತು.

16ನೇ ಶತಮಾನದಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿದ. ಜಮೀನು ಬೇರೆಯವರ ಕೈಗೆ ಹೋಯಿತು. ಧಾರ್ಮಿಕ ಮೆರವಣಿಗೆಗಳು ನಿಂತವು. ಆದರೆ 1559ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆ ಬಂದಾಗ ಎಲ್ಲೆ ಸುತ್ತುವುದಕ್ಕೆ ಮಾತ್ರ ಅನುಮತಿ ಉಳಿಯಿತು. ಪೂಜೆ ಬಿಟ್ಟರೂ ಎಲ್ಲೆ ಬಿಡಲಾಗುವುದಿಲ್ಲ.

ಡಾರ್ಟ್‌ಮೂರ್‌ನ ದಕ್ಷಿಣದಲ್ಲಿ ಬಕ್‌ಫಾಸ್ಟ್ ಮಠದ ಜಮೀನು ಸರ್ ವಿಲಿಯಂ ಪೀಟರ್ ಎಂಬ ದೊಡ್ಡ ಅಧಿಕಾರಿಗೆ ಹೋಯಿತು. ಅವನು ರಾಜನ ಕಾರ್ಯದರ್ಶಿ, ಮಠಗಳನ್ನು ಮುಚ್ಚುವ ಕೆಲಸದಲ್ಲೇ ಇದ್ದವನು. ಅವನ ಹೊಸ ಎಲ್ಲೆಗೂ ಶಿಲುಬೆಗಳೇ ಗುರುತಾದವು. ಅವುಗಳಲ್ಲಿ ಒಂದಕ್ಕೆ ಇವತ್ತಿಗೂ ಪೀಟರ್‌ನ ಶಿಲುಬೆ ಎಂದೇ ಹೆಸರು. ಗುಡ್ಡದ ಮೇಲಿನ ಹಳೆಯ ಕಲ್ಲುರಾಶಿಯಲ್ಲಿದೆ. 19ನೇ ಶತಮಾನದಲ್ಲಿ ಪೀಟ್ ಕಡಿಯಲು ಬಂದ ಕೂಲಿಯವರು ಅಲ್ಲೇ ಒಂದು ಗುಡಿಸಲು ಕಟ್ಟಿಕೊಂಡು, ಶಿಲುಬೆಯ ತೋಳು ಮುರಿದು ಕಂಬವನ್ನು ಒಲೆಯ ಮೇಲಿನ ತೊಲೆ ಮಾಡಿಕೊಂಡರು. ಚಳಿಯಲ್ಲಿ ನಡುಗುವವರಿಗೆ ಅದು ಉದ್ದನೆಯ ಒಳ್ಳೆ ಕಲ್ಲು, ಅಷ್ಟೇ. ಕೋಪ ಬರುವುದಿಲ್ಲ ನನಗೆ, ಹೊಟ್ಟೆ ಮಾತ್ರ ಉರಿಯುತ್ತದೆ.

1643ರ ಆಗಸ್ಟಿನಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ನಡುವೆ, ವಿಗ್ರಹಾರಾಧನೆಯ ಗುರುತುಗಳೆಂದು ಬಯಲಿನಲ್ಲಿರುವ ಶಿಲುಬೆಗಳನ್ನೂ ಕೆಡವಬೇಕು ಎಂದು ಪಾರ್ಲಿಮೆಂಟ್ ಆಜ್ಞೆ ಹೊರಡಿಸಿತು. ಲಂಡನ್ನಿನ ಚೀಪ್‌ಸೈಡ್ ಶಿಲುಬೆಯನ್ನು ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ ಕೆಡವಿದ್ದರು. ಊರೊಳಗಿನವು ಎಷ್ಟೋ ಹೋದವು. ಮೂರ್‌ಗಳಲ್ಲಿ ಬಹಳ ಉಳಿದವು. ದೂರ ಇದ್ದದ್ದು ಒಂದು ಕಾರಣ. ಗಡಿಕಲ್ಲನ್ನು ಕಿತ್ತರೆ ನಾಳೆ ತಮಗೇ ತೊಂದರೆ ಎಂಬ ತಿಳಿವಳಿಕೆಯೂ ಊರವರಿಗೆ ಇದ್ದಿರಬೇಕು.

ಉಳಿದವುಗಳ ಮೇಲೆ ಹೊಸ ಹೊಸ ಅಕ್ಷರ ಬಂದವು. ಡಾರ್ಟ್‌ಮೂರ್‌ನ ರಸ್ತೆಯೊಂದರ ಬದಿಯಲ್ಲಿ ಬೆನೆಟ್‌ನ ಶಿಲುಬೆ ಇದೆ. ಸೊಟ್ಟಗೆ, ಒರಟಾಗಿ, ನನಗಂತೂ ಬಹಳ ಪ್ರೀತಿಯ ಕಲ್ಲು. ಅದರ ಮೇಲೆ ‘ಡಬ್ಲ್ಯೂ ಬಿ’ ಎಂದಿದೆ. ಅಂದರೆ ವಾರನ್‌ನ ಎಲ್ಲೆ. ವಾರನ್ ಎಂದರೆ ಮಾಂಸಕ್ಕೂ ತುಪ್ಪಳಕ್ಕೂ ಮೊಲ ಸಾಕುವ ಜಾಗ. ಸಂತರ ಕಾಲದ ಕಲ್ಲು ಮೊಲ ಸಾಕುವವರ ಎಲ್ಲೆಯನ್ನೂ ಕಾದಿದೆ.

ಉತ್ತರದ ಯಾರ್ಕ್‌ಶೈರ್ ಮೂರ್‌ಗಳಲ್ಲಿ ಇಂಥ ಶಿಲುಬೆಗಳು ಹಲವಾರು. ಅವುಗಳಲ್ಲೊಂದಾದ ಯಂಗ್ ರಾಲ್ಫ್ ಅಲ್ಲಿನ ರಾಷ್ಟ್ರೀಯ ಉದ್ಯಾನದ ಲಾಂಛನ. ಫ್ಯಾಟ್ ಬೆಟ್ಟಿ ಎಂಬ ಬಿಳಿ ಬಳಿದ ಗುಂಡು ತಲೆಯ ಕಲ್ಲು ಮೂರು ಪ್ಯಾರಿಷ್‌ಗಳು ಕೂಡುವಲ್ಲಿದೆ. ನಡೆದು ಬಂದವರು ಅದರ ಮೇಲೆ ತಿಂಡಿ ಇಟ್ಟು, ಹಿಂದಿನವರು ಇಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಲಿಲ್ಲಾ ಶಿಲುಬೆಯ ಕಥೆ ಇನ್ನೂ ಹಳೆಯದು. 626ರಲ್ಲಿ ಎಡ್ವಿನ್ ರಾಜನನ್ನು ವಿಷದ ಕತ್ತಿಯಿಂದ ಕೊಲ್ಲಲು ಒಬ್ಬ ಬಂದಾಗ, ಲಿಲ್ಲಾ ಎಂಬ ಸೇವಕ ತನ್ನ ಮೈ ಅಡ್ಡ ಕೊಟ್ಟು ಸತ್ತ. ಬೀಡ್ ಎಂಬ ಸನ್ಯಾಸಿ ಬರೆದಿಟ್ಟ ಕಥೆ. ಈ ಶಿಲುಬೆ ಲಿಲ್ಲಾನ ನೆನಪಿಗೆ ಎನ್ನುತ್ತಾರೆ. ಆದರೆ ಕಲ್ಲಿನ ರೂಪ ಅದಕ್ಕಿಂತ ಈಚಿನದು. ಮುಂದೆ ಅದು ವಿಟ್‌ಬಿ ಮಠದ ಎಲ್ಲೆಯೂ ಆಯಿತು.

ಮಾತಿನ ಮಧ್ಯೆ ಒಬ್ಬರು ಚೀಟಿ ಕಳಿಸಿದ್ದರು: ಎಲ್ಲ ಶಿಲುಬೆಗಳೂ ಗಡಿಕಲ್ಲುಗಳೇ? ಖಂಡಿತ ಅಲ್ಲ. ಸಂತೆಯ ಶಿಲುಬೆಗಳಿವೆ. ದಾರಿ ತೋರುವವು ಇವೆ. ಸಿವರ್ಡ್‌ನ ಶಿಲುಬೆಯೂ ಮಠಗಳ ನಡುವಿನ ಹಳೆಯ ಕಾಲುದಾರಿಯ ಮೇಲೇ ಇದೆ. ಹಾಗಾಗಿ ಬಯಲಲ್ಲಿ ಕಂಡ ಶಿಲುಬೆಗೆಲ್ಲ ಒಂದೇ ಹೆಸರು ಅಂಟಿಸಬಾರದು. ಹಳೆಯ ಎಲ್ಲೆಯ ಬರಹದಲ್ಲಿ ಅದರ ಹೆಸರಿದೆಯಾ ನೋಡಬೇಕು. ಪ್ಯಾರಿಷ್‌ನ ಗೆರೆ ಅಲ್ಲಿ ಹಾಯುತ್ತದೆಯಾ ನೋಡಬೇಕು. ಮೈಮೇಲೆ ಅಕ್ಷರ ಇದೆಯಾ ಎಂದು ಬೆರಳಿಟ್ಟು ಹುಡುಕಬೇಕು. ಸಂಜೆಯ ಓರೆ ಬಿಸಿಲು ಇದಕ್ಕೆ ಒಳ್ಳೆಯದು.

ಸಿವರ್ಡ್‌ನ ಶಿಲುಬೆಯನ್ನು 1846ರಲ್ಲಿ ಇಬ್ಬರು ಹುಡುಗರು ಕೆಡವಿದರು. ದನ ಹುಡುಕಿಕೊಂಡು ಬಂದಿದ್ದವರು. ಕಂಬ ಎರಡು ತುಂಡಾಯಿತು. ಕಬ್ಬಿಣದ ಪಟ್ಟಿ ಹಾಕಿ ಜೋಡಿಸಿ ಮತ್ತೆ ನಿಲ್ಲಿಸಿದರು. ಪಟ್ಟಿ ಇವತ್ತೂ ಕಾಣುತ್ತದೆ.

ನಿಮ್ಮ ಫೋನಿನಲ್ಲೇ ಇಂಗ್ಲೆಂಡಿನ ಸರ್ವೆ ನಕ್ಷೆ ತೆರೆದು ನೋಡಬಹುದು. ಪ್ರಿನ್ಸ್‌ಟೌನ್ ಹುಡುಕಿ, ದಕ್ಷಿಣಕ್ಕೆ ಸರಿಯಿರಿ. ಹಳೆಯ ಕಾಲದ ಅಕ್ಷರದಲ್ಲಿ ನನ್ಸ್ ಕ್ರಾಸ್ ಎಂದು ಬರೆದಿರುತ್ತದೆ. ಪಕ್ಕದಲ್ಲಿ ಸಣ್ಣ ಚುಕ್ಕೆಗಳ ಗೆರೆ, ಅದು ಪ್ಯಾರಿಷ್‌ನ ಎಲ್ಲೆ. ಈಲ್ಸ್‌ಬ್ಯಾರೋ ಗುಡ್ಡದಿಂದ ಈಶಾನ್ಯಕ್ಕೆ ಬರುವ ಆ ಗೆರೆ, ಕಲ್ಲು ಮುಟ್ಟಿದ ಮೇಲೆ ಎಡಕ್ಕೆ ಹೊರಳಿ ಹೆಸರಿ ಟಾರ್‌ನ ಕಡೆಗೆ ಹೋಗುತ್ತದೆ. 12 ನೈಟ್‌ಗಳು ಹೊರಳಿದ್ದೂ ಅಲ್ಲೇ.